ಎರಡೂವರೆ ಮಿಲಿ, ಎರಡು ಹೊತ್ತು

ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ರೈಲು ಹೊರಡುವಾಗ ಇನ್ನೂ ಕತ್ತಲು. ಹಳಿ ಈ ಊರಿನಲ್ಲೇ ಮುಗಿಯುವುದರಿಂದ ಸೀಟು ಸಿಗುವುದು ಕಷ್ಟವಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಟಿಫಿನ್ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಅರೆನಿದ್ದೆಗೆ ಜಾರುತ್ತಾರೆ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಒಂದೊಂದಾಗಿ ಹಿಂದೆ ಸರಿಯುತ್ತವೆ. ಬಂಗಾರಪೇಟೆ ಬರುವಷ್ಟರಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ಆ ಬೋಗಿಯಲ್ಲಿ ಕಣ್ಣು ಮುಚ್ಚದೆ ಕೂತ ತಾಯಿಯೊಬ್ಬಳು ಆಗಾಗ ಕಾಣಸಿಗುತ್ತಾಳೆ. ಮಡಿಲಲ್ಲಿ ಟವೆಲ್ ಸುತ್ತಿದ ಐದಾರು ತಿಂಗಳ ಕೂಸು, ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಸ್ಪತ್ರೆಯ ಫೈಲು, ಒಂದು ಸಿರಪ್ ಬಾಟಲಿ. ಅವಳ ನೋಟ ಮಗುವಿನ ರೆಪ್ಪೆಯ ಮೇಲೇ ಇರುತ್ತದೆ. ಕೂಸು ಮೈಮುರಿದರೂ ಬೆಚ್ಚುತ್ತಾಳೆ. ಕೆಲವು ದಿನಗಳ ಹಿಂದೆ ನಿದ್ದೆಯಿಂದ ಎದ್ದ ಮಗು ಎರಡೂ ಕೈ ಚೆಲ್ಲಿ ತಲೆ ಬಾಗಿಸಿತು. ಒಂದು ಕ್ಷಣ ಬಿಟ್ಟು ಮತ್ತೆ, ಮತ್ತೆ. 'ಹೊಟ್ಟೆನೋವು ಕಣಮ್ಮ, ಓಮದ ನೀರು ಹಾಕು' ಎಂದರು ಒಬ್ಬರು. 'ದೃಷ್ಟಿ ತೆಗಿ' ಎಂದರು ಇನ್ನೊಬ್ಬರು. ಕೊನೆಗೆ ಡಾಕ್ಟರು ಹೇಳಿದ್ದು ಬೇರೆ: ಫಿಟ್ಸ್.

ಆ ಒಂದು ಮಾತಿನಿಂದ ಮನೆಯ ದಿನಚರಿಯೇ ಬದಲಾಗುತ್ತದೆ. ಕಾಯಿಲೆಯ ಹೆಸರನ್ನು ಎಲ್ಲರೂ ಕೇಳಿರುತ್ತಾರೆ. ಆದರೆ ಹಾಲು ಕುಡಿಯುವ ಕೂಸಿಗೆ ಅದು ಬಂದರೆ ಮುಂದೇನು ಎಂಬುದು ಗೊತ್ತಿರುವವರು ಕಡಿಮೆ. ದೊಡ್ಡ ಆಸ್ಪತ್ರೆಯಲ್ಲಿ ಕಳೆಯುವುದು ಕೆಲವೇ ದಿನ. ಉಳಿದ ತಿಂಗಳು, ವರ್ಷಗಳ ಚಿಕಿತ್ಸೆಯೆಲ್ಲ ಮನೆಯಲ್ಲಿ ಹೆತ್ತವರ ಕೈಯಲ್ಲೇ ನಡೆಯಬೇಕು, ಹೊತ್ತಿಗೆ ಸರಿಯಾಗಿ ಬಾಯಿಗೆ ಬೀಳುವ ಎರಡು ಮೂರು ಮಿಲಿ ಔಷಧಿಯಿಂದ.

ಮೆದುಳಿನೊಳಗಿನ ಕರೆಂಟು

ಶಿವನಸಮುದ್ರದಿಂದ ತಂತಿ ಎಳೆದು 1902ರಲ್ಲೇ ಕರೆಂಟು ತರಿಸಿಕೊಂಡ ಊರು ಕೋಲಾರ ಚಿನ್ನದ ಗಣಿ, ಅಂದರೆ ಕೆಜಿಎಫ್. ಇಲ್ಲಿಯವರಿಗೆ ಈ ಕಾಯಿಲೆಯನ್ನು ಕರೆಂಟಿನ ಮಾತಿನಲ್ಲೇ ಹೇಳಬಹುದು. ಮೆದುಳಿನ ನರಕೋಶಗಳು ಒಂದರೊಡನೊಂದು ಮಾತಾಡುವುದು ಸಣ್ಣ ಸಣ್ಣ ವಿದ್ಯುತ್ ಸಂಜ್ಞೆಗಳಿಂದ. ಒಂದು ಕೋಶ ಪಕ್ಕದ್ದನ್ನು ಎಬ್ಬಿಸಿದರೆ ಇನ್ನೊಂದು ಅದನ್ನು ತಡೆಯುತ್ತದೆ. ಈ ಹೊಂದಾಣಿಕೆ ತಪ್ಪಿ ಬಹಳಷ್ಟು ಕೋಶಗಳು ಒಟ್ಟಿಗೇ ಸಿಡಿದಾಗ ಬರುವುದೇ ಸೆಳವು, ಅಂದರೆ ಫಿಟ್ಸ್. ಎಳೆಗೂಸಿನ ಮೆದುಳಿನಲ್ಲಿ ಎಬ್ಬಿಸುವ ಶಕ್ತಿ ಬೇಗ ಬೆಳೆಯುತ್ತದೆ, ತಡೆಯುವ ಶಕ್ತಿ ನಿಧಾನವಾಗಿ ಬಲಿಯುತ್ತದೆ. ಮೊದಲ ವರ್ಷದಲ್ಲಿ ಸೆಳವು ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಒಂದು ಸಲ ಸೆಳವು ಬಂದ ಮಾತ್ರಕ್ಕೆ ಅದು ಮೂರ್ಛೆರೋಗವಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಎಷ್ಟೋ ಮಕ್ಕಳಿಗೆ ಜ್ವರ ಏರಿದಾಗ ಫಿಟ್ಸ್ ಬರುತ್ತದೆ. ಬಹುಪಾಲು ಮಕ್ಕಳು ಬೆಳೆದಂತೆ ಅದನ್ನು ದಾಟುತ್ತಾರೆ. ಹಸುಗೂಸು ನಿದ್ದೆಯಲ್ಲಿ ಮಾತ್ರ ಕೈಕಾಲು ಜಗ್ಗಿ, ಎಬ್ಬಿಸಿದೊಡನೆ ಸರಿಯಾದರೆ ಅದು ಸಾಮಾನ್ಯವಾಗಿ ನಿರಪಾಯಕಾರಿ. ಅತ್ತು ಅತ್ತು ಉಸಿರುಗಟ್ಟಿ ನೀಲಿಯಾಗುವುದು ಇನ್ನೊಂದು ಬಗೆ, ಅದೂ ಮೂರ್ಛೆರೋಗವಲ್ಲ. ಜ್ವರ, ರಕ್ತದಲ್ಲಿ ಸಕ್ಕರೆ ಇಳಿಯುವುದು, ಕ್ಯಾಲ್ಸಿಯಂ ಕೊರತೆ ಹೀಗೆ ಆ ಹೊತ್ತಿನ ಕಾರಣವಿಲ್ಲದೆ, ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ ವೈದ್ಯರು ಮೂರ್ಛೆರೋಗ ಎನ್ನುತ್ತಾರೆ. ಮೆದುಳಿನ ವಿದ್ಯುತ್ ಗೆರೆಗಳ ಪರೀಕ್ಷೆಯಾದ ಇಇಜಿ ಮತ್ತು ಸ್ಕ್ಯಾನ್ ನೋಡಿ ಮತ್ತೆ ಬರುವ ಸಂಭವ ಹೆಚ್ಚು ಎನ್ನಿಸಿದರೆ ಒಂದೇ ಸಲಕ್ಕೂ ಹಾಗೆನ್ನಬಹುದು.

ಹಳೆಯ ಹೆಸರುಗಳ ಭಾರ

ಕೆಜಿಎಫ್‌ನ ಒಂದೊಂದು ಬೀದಿಯಲ್ಲೂ ಮೂರು ಭಾಷೆ ಕಿವಿಗೆ ಬೀಳುತ್ತದೆ. ಈ ಕಾಯಿಲೆಯ ಹೆಸರುಗಳೂ ಹಾಗೇ. ತಮಿಳರ ಮನೆಯಲ್ಲಿ ಇದು ವಲಿಪ್ಪು. ಕನ್ನಡದ ಅಜ್ಜಿಯರ ಬಾಯಲ್ಲಿ ಬಾಲಗ್ರಹ, ಓದಿದವರಿಗೆ ಅಪಸ್ಮಾರ. ನಟರಾಜನ ಪಾದದಡಿ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರವೇ. ಅಪಸ್ಮಾರವೆಂದರೆ ನೆನಪು ತಪ್ಪುವುದು. ಚರಕಸಂಹಿತೆ ಅದನ್ನು ರೋಗವೆಂದು ಎಣಿಸಿ ಚಿಕಿತ್ಸೆಯನ್ನೂ ಹೇಳಿದೆ. ಬಾಲಗ್ರಹ ಎಂಬ ಮಾತು ಮಾತ್ರ ಮಗುವನ್ನು ಯಾವುದೋ ಹಿಡಿದಿದೆ ಎಂಬ ಭಯವನ್ನು ಜೊತೆಗೇ ತರುತ್ತದೆ.

ಆ ಭಯದಿಂದಲೇ ಬರೆ ಹಾಕಿಸುವುದು ಹುಟ್ಟಿದ್ದು. ಕೂಸಿನ ಹೊಟ್ಟೆಯ ಮೇಲೆ, ಹಣೆಯ ಮೇಲೆ ಕಾದ ಬಳೆಯ ಗುರುತು ಇವತ್ತಿಗೂ ಕಾಣುತ್ತದೆ. ಹೆತ್ತವರನ್ನು ಬೈದು ಪ್ರಯೋಜನವಿಲ್ಲ, ಮಗು ಉಳಿಯಲಿ ಎಂದೇ ಅವರು ಬರೆ ಹಾಕುವವರ ಬಳಿ ಹೋಗುತ್ತಾರೆ. ಆದರೆ ಸುಟ್ಟ ಗಾಯಕ್ಕೆ ಕೀವು ಕಟ್ಟುತ್ತದೆ, ಔಷಧಿ ಶುರುವಾಗಬೇಕಿದ್ದ ವಾರಗಳು ಕಳೆದುಹೋಗುತ್ತವೆ. ಕಮ್ಮಸಂದ್ರದ ಕೋಟಿಲಿಂಗೇಶ್ವರನಿಗೆ ಹರಕೆ ಹೊತ್ತರೆ ಯಾವ ನಷ್ಟವೂ ಇಲ್ಲ. ಹರಕೆಯ ಜೊತೆಗೆ ಔಷಧಿ ನಡೆಯಬೇಕು, ಅಷ್ಟೆ.

ಒಬ್ಬ ತಂದೆಯ ಕಾಗದ

ಕೂಸುಗಳ ಸೆಳವುಗಳಲ್ಲಿ ಒಂದು ಬಗೆಯನ್ನು ಪ್ರತಿ ತಾಯಿಯೂ, ಪ್ರತಿ ಅಂಗನವಾಡಿ ಕಾರ್ಯಕರ್ತೆಯೂ ಗುರುತು ಹಿಡಿಯುವಂತಾಗಬೇಕು. ಅದನ್ನು ಜಗತ್ತಿಗೆ ತಿಳಿಸಿದವನು ಒಬ್ಬ ತಂದೆ. ಇಂಗ್ಲೆಂಡಿನ ಟನ್‌ಬ್ರಿಜ್ ಎಂಬ ಊರಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ 1841ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಕಾಗದ ಬರೆದ. ರೋಗಿ ಅವನ ಸ್ವಂತ ಮಗ. ನಾಲ್ಕು ತಿಂಗಳಿದ್ದಾಗ ತಲೆ ತುಸು ಮುಂದಕ್ಕೆ ಬಾಗತೊಡಗಿತು. ಬರಬರುತ್ತ ತಲೆ ಮೊಣಕಾಲಿಗೆ ತಾಗುವಷ್ಟು ಬಾಗುವುದು, ಮತ್ತೆ ನೆಟ್ಟಗಾಗುವುದು, ಒಂದೇ ಸರಣಿಯಲ್ಲಿ ಹಲವು ಸಲ. ಆ ಕಾಲದಲ್ಲಿದ್ದ ಜಿಗಣೆ, ಅಫೀಮು ಎಲ್ಲವನ್ನೂ ಅವನು ಮಾಡಿ ನೋಡಿದ್ದ. ಏನೂ ಫಲಿಸಲಿಲ್ಲ. ಯಾರಿಗಾದರೂ ಇದರ ಬಗ್ಗೆ ಗೊತ್ತಿದ್ದರೆ ಹೇಳಿ ಎಂದು ಓದುಗ ವೈದ್ಯರನ್ನು ಕೇಳಿಕೊಂಡ. ಆ ಮಗು ಸರಿಹೋಗಲಿಲ್ಲ. ಈಗ ಆ ಕಾಯಿಲೆಗೆ ವೆಸ್ಟ್ ಸಿಂಡ್ರೋಮ್ ಎಂದೇ ಹೆಸರು.

ನಮಸ್ಕಾರ ಮಾಡಿದಂತೆ ಬಾಗುವ ಈ ಸೆಳವು ನೋಡುವವರಿಗೆ ಸೆಳವೆಂದೇ ಅನ್ನಿಸುವುದಿಲ್ಲ. ಸಾಮಾನ್ಯವಾಗಿ ನೊರೆ ಬರುವುದಿಲ್ಲ. ಒಂದೊಂದು ಬಾಗುವಿಕೆಯೂ ಒಂದೆರಡು ಕ್ಷಣದ್ದು. ಆದರೆ ಗೊಂಚಲಾಗಿ ಬರುತ್ತದೆ, ಹೆಚ್ಚಾಗಿ ಮಗು ನಿದ್ದೆಯಿಂದ ಎದ್ದ ಹೊತ್ತಿಗೆ. ಬಹುಪಾಲು ಶುರುವಾಗುವುದು ಮೂರರಿಂದ ಹನ್ನೆರಡು ತಿಂಗಳೊಳಗೆ. ನಗುತ್ತಿದ್ದ ಕೂಸು ನಗುವುದನ್ನು ಮರೆಯುತ್ತದೆ, ಮುಖ ನೋಡುವುದನ್ನು ಬಿಡುತ್ತದೆ, ನಿಂತ ಕತ್ತು ಮತ್ತೆ ಜೋಲುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ಕಾರಣಗಳು ಹೆರಿಗೆಯ ಹೊತ್ತಿನವು: ಮಗು ತಕ್ಷಣ ಅಳದೆ ಮೆದುಳಿಗೆ ಆಮ್ಲಜನಕ ಸಾಲದೆ ಹೋದದ್ದು, ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ಇಳಿದದ್ದು.

ಇಲ್ಲಿ ಒಂದೊಂದು ವಾರಕ್ಕೂ ಬೆಲೆ ಇದೆ. ಎಸಿಟಿಎಚ್ ಎಂಬ ಚುಚ್ಚುಮದ್ದು ಕೆಲಸಕ್ಕೆ ಬರುತ್ತದೆಂದು 1958ರಲ್ಲಿ ಗೊತ್ತಾಯಿತು. ಈಗ ಅದರ ಜೊತೆಗೆ ಬಾಯಿಗೆ ಕೊಡುವ ಸ್ಟಿರಾಯ್ಡ್, ವಿಗಾಬಟ್ರಿನ್ ಕೂಡ ಇವೆ. ಬೇಗ ಶುರುಮಾಡಿದಷ್ಟೂ ಮಗುವಿನ ಬುದ್ಧಿ, ಚಲನೆ ಉಳಿಯುವ ಆಸೆ ಹೆಚ್ಚು. ಆದ್ದರಿಂದ ಕೂಸು ಎದ್ದೊಡನೆ ಪದೇ ಪದೇ ಬಾಗುವುದು ಕಂಡರೆ ನಾಳೆ ನೋಡೋಣ ಎನ್ನಬಾರದು. ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡು ಮಕ್ಕಳ ವೈದ್ಯರ ಹತ್ತಿರ ಅವತ್ತೇ ಹೊರಡಬೇಕು. ವೆಸ್ಟ್ ಕಾಗದದಲ್ಲಿ ವರ್ಣಿಸಿ ಹೇಳಬೇಕಾಗಿದ್ದನ್ನು ಇವತ್ತಿನ ತಾಯಿ ಅರ್ಧ ನಿಮಿಷದ ವಿಡಿಯೋದಲ್ಲಿ ತೋರಿಸಬಹುದು. ವೈದ್ಯರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ತಲೆಗೆ ತಂತಿ ಅಂಟಿಸುವ ದಿನ

ಪರೀಕ್ಷೆಗಳ ಬಗ್ಗೆ ಹೆಚ್ಚು ಹೆದರಬೇಕಿಲ್ಲ. ಇಇಜಿಯಲ್ಲಿ ತಲೆಗೆ ತಂತಿಗಳನ್ನು ಅಂಟಿಸಿ ಮೆದುಳಿನ ವಿದ್ಯುತ್ ಗೆರೆಗಳನ್ನು ಬರೆಸಿಕೊಳ್ಳುತ್ತಾರೆ. ಮಗುವಿಗೆ ಕರೆಂಟು ಕೊಡುವುದಿಲ್ಲ, ನೋವೂ ಇಲ್ಲ. ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿರಬೇಕು, ಎಣ್ಣೆ ಹಚ್ಚಿರಬಾರದು. ಮಗು ನಿದ್ದೆ ಮಾಡಿದರೆ ಗೆರೆ ಚೆನ್ನಾಗಿ ಬರುತ್ತದೆ. ಹಾಗಾಗಿ ರೈಲಿನಲ್ಲಿ ಮಲಗಿಬಿಟ್ಟರೆ ಆಸ್ಪತ್ರೆಯಲ್ಲಿ ಮಲಗಿಸುವುದು ದೊಡ್ಡ ಸಾಹಸವಾಗುತ್ತದೆ. ಎಂಆರ್‌ಐಗೆ ಅಲುಗದೆ ಮಲಗಿರಬೇಕಾದ್ದರಿಂದ ಮಂಪರು ಬರುವ ಔಷಧಿ ಕೊಡುತ್ತಾರೆ. ಇನ್ನು ರಕ್ತ, ಮೂತ್ರ ಪರೀಕ್ಷೆ. ಅಪರೂಪಕ್ಕೆ ಕೆಲವು ಕೂಸುಗಳ ಸೆಳವು ಬಿ6 ವಿಟಮಿನ್‌ಗೇ ನಿಲ್ಲುವುದುಂಟು. ಅದನ್ನು ತಪ್ಪಿಸಿಕೊಳ್ಳಬಾರದೆಂದು ವೈದ್ಯರು ಕೊಟ್ಟು ನೋಡುತ್ತಾರೆ.

ಬಾಟಲಿ ಮನೆಗೆ ಬಂದ ಮೇಲೆ

ಚೀಟಿಯಲ್ಲಿ ಲೆವೆಟಿರಾಸಿಟಮ್, ಸೋಡಿಯಂ ವ್ಯಾಲ್ಪ್ರೊಯೇಟ್, ಫಿನೋಬಾರ್ಬಿಟೋನ್, ಕ್ಲೋಬಜಾಮ್ ಹೀಗೆ ಬಾಯಿಗೆ ಬಾರದ ಹೆಸರುಗಳು. ಇವುಗಳಲ್ಲಿ ಹಿರಿಯದು ಫಿನೋಬಾರ್ಬಿಟೋನ್. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಅದು ಸೆಳವನ್ನು ತಡೆಯುತ್ತದೆಂದು ಕಂಡುಕೊಂಡ. ಇವತ್ತಿಗೂ ಆಗತಾನೇ ಹುಟ್ಟಿದ ಕೂಸಿನ ಸೆಳವಿಗೆ ಮೊದಲು ಕೊಡುವುದು ಅದನ್ನೇ. ಸೆಳವಿನ ಬಗೆ, ಮಗುವಿನ ವಯಸ್ಸು, ಕಾರಣ ನೋಡಿ ಔಷಧಿಯನ್ನು ಆರಿಸುತ್ತಾರೆ. ಪಕ್ಕದ ಮನೆಯ ಮಗುವಿಗೆ ಹಿಡಿಸಿದ್ದು ನಮ್ಮ ಮಗುವಿಗೂ ಹಿಡಿಸಬೇಕೆಂದಿಲ್ಲ. ಎರಡು ವರ್ಷದೊಳಗಿನ ಮಕ್ಕಳಲ್ಲಿ ವ್ಯಾಲ್ಪ್ರೊಯೇಟ್‌ನಿಂದ ಲಿವರಿಗೆ ತೊಂದರೆಯಾಗುವ ಸಂಭವ ಹೆಚ್ಚಾದ್ದರಿಂದ ಅದನ್ನು ಯೋಚಿಸಿಯೇ ಬರೆಯುತ್ತಾರೆ.

ಮೊದಲ ಗೊಂದಲ ಅಳತೆಯದು. ಸಿರಪ್ಪಿನ ಮಿಲಿ ಬೇರೆ, ಅದರೊಳಗಿನ ಔಷಧಿಯ ಮಿಲಿಗ್ರಾಂ ಬೇರೆ. ಸಾಮಾನ್ಯವಾಗಿ ಸಿಗುವ ಲೆವೆಟಿರಾಸಿಟಮ್ ಸಿರಪ್ಪಿನ ಒಂದು ಮಿಲಿಯಲ್ಲಿ 100 ಮಿಲಿಗ್ರಾಂ ಔಷಧಿ ಇದ್ದರೆ, ವ್ಯಾಲ್ಪ್ರೊಯೇಟ್ ಸಿರಪ್ಪಿನ ಐದು ಮಿಲಿಯಲ್ಲಿ 200 ಮಿಲಿಗ್ರಾಂ, ಅಂದರೆ ಮಿಲಿಗೆ 40. ಒಂದೇ ಔಷಧಿಯನ್ನು ಬೇರೆ ಬೇರೆ ಕಂಪನಿಗಳು ಬೇರೆ ಗಾಢತೆಯಲ್ಲಿ ಮಾಡುವುದೂ ಉಂಟು. ಅಂಗಡಿಯವರು 'ಅದು ಇಲ್ಲ, ಇದೂ ಅದೇ' ಎಂದು ಬೇರೆ ಬಾಟಲಿ ಕೊಟ್ಟರೆ ಹಳೆಯ ಬಾಟಲಿಯ ಪಕ್ಕದಲ್ಲಿಟ್ಟು ಮಿಲಿಗ್ರಾಂ ಲೆಕ್ಕ ಹೊಂದಿಸಿಕೊಂಡೇ ಮನೆಗೆ ತರಬೇಕು. ಚಮಚವನ್ನು ನಂಬಬೇಡಿ, ಮನೆಯ ಒಂದೊಂದು ಚಮಚದ ಅಳತೆಯೂ ಬೇರೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು, ಮಗುವನ್ನು ತಲೆ ಎತ್ತರಿಸಿ ಹಿಡಿದು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಹಾಲಿನ ಬಾಟಲಿಗೆ ಬೆರೆಸಿದರೆ ಮಗು ಅರ್ಧ ಕುಡಿದು ಬಿಟ್ಟಾಗ ಎಷ್ಟು ಒಳಗೆ ಹೋಯಿತು ಎಂದೇ ಗೊತ್ತಾಗುವುದಿಲ್ಲ.

ಮಗು ವಾಂತಿ ಮಾಡಿಕೊಂಡರೆ? ಔಷಧಿ ಕೊಟ್ಟ ಕೂಡಲೇ ಎಲ್ಲ ಹೊರಬಂದಿದ್ದರೆ ಮತ್ತೆ ಕೊಡಲು ಹೇಳುವುದುಂಟು, ಹೊತ್ತು ಕಳೆದಿದ್ದರೆ ಬೇಡ. ಎಷ್ಟು ನಿಮಿಷದ ಲೆಕ್ಕ ಎಂಬುದನ್ನು ನಿಮ್ಮ ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಳ್ಳಿ. ನಡುರಾತ್ರಿ ಅದನ್ನು ಯಾರನ್ನೂ ಕೇಳಲಾಗುವುದಿಲ್ಲ. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡುವುದು ರೂಢಿ, ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಡುವುದು. ಎರಡು ಹೊತ್ತಿನದನ್ನು ಒಟ್ಟಿಗೆ ಕುಡಿಸಲೇಬಾರದು.

ಇನ್ನೊಂದು ಸಂಗತಿ ಎಷ್ಟೋ ಮನೆಗಳಲ್ಲಿ ತಪ್ಪಿಹೋಗುತ್ತದೆ. ಮೂರು ಕಿಲೋ ತೂಕದಲ್ಲಿ ಹುಟ್ಟಿದ ಕೂಸು ಐದಾರು ತಿಂಗಳಿಗೆ ಅದರ ಎರಡರಷ್ಟು, ವರ್ಷಕ್ಕೆ ಮೂರರಷ್ಟು ತೂಗುತ್ತದೆ. ಔಷಧಿಯ ಲೆಕ್ಕ ತೂಕದ ಮೇಲೆ. ಮೂರು ತಿಂಗಳ ಹಿಂದಿನ ಎರಡೂವರೆ ಮಿಲಿ ಈಗ ಸಾಲದೆ ಹೋಗಬಹುದು. ನಿಂತಿದ್ದ ಸೆಳವು ಮತ್ತೆ ಕಂಡರೆ ಔಷಧಿ ಕೆಟ್ಟದ್ದೆಂದು ಬಿಡುವ ಮೊದಲು ಮಗುವನ್ನು ತೂಗಿಸಬೇಕು.

ಅಡ್ಡ ಪರಿಣಾಮಗಳಿವೆ, ಮುಚ್ಚಿಡುವುದೇಕೆ? ಲೆವೆಟಿರಾಸಿಟಮ್‌ನಿಂದ ಕೆಲವು ಮಕ್ಕಳಿಗೆ ಕಿರಿಕಿರಿ, ಹಠ. ಫಿನೋಬಾರ್ಬಿಟೋನ್‌ನಿಂದ ಮೊದಲು ಮಂಪರು, ಕೆಲವರಿಗೆ ಆಮೇಲೆ ಚಡಪಡಿಕೆ. ಎಸಿಟಿಎಚ್ ಕೊಡುವಾಗ ಮುಖ ಊದುತ್ತದೆ, ರಕ್ತದೊತ್ತಡ ಏರಬಹುದು, ಸೋಂಕು ಬೇಗ ತಗಲುತ್ತದೆ, ಜೀವಂತ ಲಸಿಕೆಗಳನ್ನು ಮುಂದೂಡುತ್ತಾರೆ. ವಿಗಾಬಟ್ರಿನ್ ದೃಷ್ಟಿಯ ಅಂಚಿಗೆ ತೊಂದರೆ ಕೊಡಬಹುದಾದ್ದರಿಂದ ಕಣ್ಣಿನ ಮೇಲೆ ನಿಗಾ ಬೇಕು. ಮೈಮೇಲೆ ಗುಳ್ಳೆ ಎದ್ದರೆ, ವಾಂತಿಯ ಜೊತೆ ಮಗು ಸೋತು ಮಲಗಿಬಿಟ್ಟರೆ, ಕಣ್ಣು ಹಳದಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಉಳಿದದ್ದಕ್ಕೆ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಬಿಡದೆ ಬರುವ ಸೆಳವಿಗೆ ದಾರಿಯಾಗುತ್ತದೆ, ಅದು ಜೀವಕ್ಕೇ ಅಪಾಯ. ಸಾಮಾನ್ಯವಾಗಿ ಎರಡು ವರ್ಷ ಸೆಳವಿಲ್ಲದೆ ಕಳೆದ ಮೇಲೆ ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ. ಕೆಲವು ಬಗೆಗಳಿಗೆ ಅದಕ್ಕಿಂತ ಕಡಿಮೆ ಸಾಕು, ಕೆಲವಕ್ಕೆ ಹೆಚ್ಚು ಬೇಕು.

ಆ ಐದು ನಿಮಿಷ

ಔಷಧಿ ನಡೆಯುತ್ತಿರುವಾಗಲೂ ಸೆಳವು ಬರಬಹುದು. ಆಗ ಮೊದಲು ಗಡಿಯಾರ ನೋಡಿ. ಮಗುವನ್ನು ಮೆತ್ತಗಿನ ಜಾಗದಲ್ಲಿ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಕತ್ತಿನ ಬಳಿ ಬಟ್ಟೆ ಸಡಿಲಿಸಿ, ಬಾಯಿಂದ ಸುರಿದದ್ದನ್ನು ಒರೆಸಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ, ಬಾಯಿಗೆ ಚಮಚ ಅಥವಾ ನೀರು, ಯಾವುದೂ ಬೇಡ. ಕೈಕಾಲನ್ನು ಅದುಮಿ ಹಿಡಿಯುವುದೂ ಬೇಡ. ಐದು ನಿಮಿಷವಾದರೂ ನಿಲ್ಲದಿದ್ದರೆ, ಒಂದರ ಹಿಂದೊಂದು ಬರುತ್ತಿದ್ದರೆ, ಉಸಿರು ಸರಿಯಾಗದಿದ್ದರೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಬೆಂಗಳೂರಿಗೇ ಕರೆದೊಯ್ಯುತ್ತೇವೆಂದು ಹೊರಡುವ ಹೊತ್ತು ಅದಲ್ಲ.

ಮೂಗಿಗೆ ಸಿಂಪಡಿಸುವ ಮಿಡಾಜೋಲಾಮ್ ಎಂಬ ತುರ್ತು ಔಷಧಿಯಿದೆ. ಮಗುವಿನ ತೂಕಕ್ಕೆ ಎಷ್ಟು ಸಲ ಒತ್ತಬೇಕೆಂದು ವೈದ್ಯರು ಬರೆದುಕೊಡುತ್ತಾರೆ. ದೂರದಿಂದ ಬರುವ ಹೆತ್ತವರು ಇದನ್ನು ಕೇಳಿ ಬರೆಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಬಿಸಿನೀರಿನ ವಿಷಯ

ನಮ್ಮ ಸೀಮೆಯ ಇನ್ನೊಂದು ಸಂಗತಿ. ತಲೆಗೆ ಬಿಸಿನೀರು ಸುರಿದಾಗ ಬರುವ ಸೆಳವು ಜಗತ್ತಿನ ಉಳಿದೆಡೆ ಬಲು ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಹಾಗಲ್ಲ. ಬೆಂಗಳೂರಿನ ನರತಜ್ಞ ಡಾ. ಕೆ.ಎಸ್. ಮಣಿ ಇದನ್ನು ವೈದ್ಯಲೋಕದ ಗಮನಕ್ಕೆ ತಂದವರಲ್ಲಿ ಪ್ರಮುಖರು. ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶಚಂದ್ರ ಇದರ ಮೇಲೆ ದೀರ್ಘಕಾಲ ಅಧ್ಯಯನ ಮಾಡಿದರು. ಹಂಡೆಯ ಸುಡುನೀರನ್ನು ಚೊಂಬು ಚೊಂಬಾಗಿ ತಲೆಗೆ ಎರೆಯುವ ನಮ್ಮ ರೂಢಿಗೂ ಇದಕ್ಕೂ ನಂಟಿದೆ. ಇದು ದೊಡ್ಡ ಮಕ್ಕಳಲ್ಲಿ, ದೊಡ್ಡವರಲ್ಲಿ ಹೆಚ್ಚು. ಕೂಸುಗಳಲ್ಲೂ ಕಾಣುವುದುಂಟು. ಸ್ನಾನವನ್ನೇ ಬಿಡಬೇಕಿಲ್ಲ. ಉಗುರುಬೆಚ್ಚಗಿನ ನೀರು ಸಾಕು, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಸೆಳವು ಸ್ನಾನದ ಹೊತ್ತಿಗೇ ಬರುತ್ತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಸ್ನಾನಕ್ಕೆ ಮುಂಚೆ ಕೊಡುವ ಔಷಧಿಯಿಂದಲೇ ಅದನ್ನು ತಡೆಯುವ ಕ್ರಮವಿದೆ. ಅಜ್ಜಿಯ ಎರೆಯುವ ಕೈಯನ್ನು ತಡೆಯುವುದು ಸೊಸೆಗೆ ಸುಲಭವಲ್ಲ. ಆ ಮಾತನ್ನು ವೈದ್ಯರ ಬಾಯಿಂದ ಅಜ್ಜಿಯ ಎದುರಿಗೇ ಹೇಳಿಸಿದರೆ ಮನೆಯಲ್ಲಿ ಜಗಳ ತಪ್ಪುತ್ತದೆ.

ರೈಲು ಹತ್ತದೆ ಔಷಧಿ ಸಿಗಬೇಕು

ಗಣಿ ನಡೆಯುತ್ತಿದ್ದಾಗ ಕಾರ್ಮಿಕರ ಕುಟುಂಬಗಳಿಗೆ ಕಂಪನಿಯದೇ ಆಸ್ಪತ್ರೆಯಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಊರಿನ ಕೆಲಸ ಹೇಗೆ ಬೆಂಗಳೂರಿನ ರೈಲು ಹತ್ತಿತೋ ಚಿಕಿತ್ಸೆಯೂ ಹಾಗೇ ಹತ್ತಿತು. ಹೊಸೂರು ರಸ್ತೆಯ ನಿಮ್ಹಾನ್ಸ್, ಅದರ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಈ ಜಿಲ್ಲೆಯ ಬಡವರಿಗೆ ದೊಡ್ಡ ಆಸರೆ. ಆದರೆ ಒಂದು ದಿನ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಬಾಟಲಿ ಮುಗಿದದ್ದು ತಿಂಗಳ ಕೊನೆಗಾದರೆ ಸಂಬಳ ಬರಲಿ ಎಂದು ನಾಲ್ಕು ದಿನ ತಳ್ಳುತ್ತಾರೆ. ಆ ನಾಲ್ಕು ದಿನದಲ್ಲೇ ಸೆಳವು ಮರಳುತ್ತದೆ.

ಔಷಧಿ ಜನರಿರುವಲ್ಲಿಗೇ ಬರಬೇಕು ಎಂಬುದು ನಮ್ಮ ನಾಡಿನಲ್ಲೇ ಕಂಡುಕೊಂಡ ಪಾಠ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಮಣಿ ಮತ್ತು ಸಂಗಡಿಗರು ಹಳ್ಳಿ ಹಳ್ಳಿ ಸುತ್ತಿ ಮೂರ್ಛೆರೋಗಿಗಳನ್ನು ಗುರುತಿಸಿ, ಅಗ್ಗದ ಫಿನೋಬಾರ್ಬಿಟೋನ್, ಫೆನಿಟೋಯಿನ್ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ವೆಸ್ಟ್ ಕಾಗದ ಬರೆದ ಅದೇ 'ಲ್ಯಾನ್ಸೆಟ್'ನಲ್ಲಿ 2001ರಲ್ಲಿ ಆ ಕೆಲಸ ಪ್ರಕಟವಾಯಿತು. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿದಾಗ ಸಾವಿರಕ್ಕೆ ಸುಮಾರು 9 ಮಂದಿಯಲ್ಲಿ ಮೂರ್ಛೆರೋಗ ಕಂಡಿತು. ಹಳ್ಳಿಗಳಲ್ಲಿ ಅದರ ಪ್ರಮಾಣ ನಗರದ ಎರಡರಷ್ಟು.

ಕೋಲಾರಕ್ಕೆ ಒಂದು ಒಳ್ಳೆಯ ಆರಂಭ ಸಿಕ್ಕಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಶುರುಮಾಡಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆಯ್ದುಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮೂರ್ಛೆರೋಗ, ಪಾರ್ಶ್ವವಾಯು, ತಲೆನೋವು, ಮರೆವಿನ ಕಾಯಿಲೆ ಗುರುತಿಸುವ ತರಬೇತಿ ಅದರ ಭಾಗ. ಜಿಲ್ಲಾ ಆಸ್ಪತ್ರೆಯಲ್ಲಿ ಅದಕ್ಕೆಂದೇ ಕ್ಲಿನಿಕ್ಕು. ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಸೆಳವು ಇದೆ. ಇಷ್ಟರ ಮೇಲೆ ನನ್ನ ಆಸೆ ಒಂದೇ: ಕೂಸುಗಳಿಗೆ ಬೇಕಾದ ಸಿರಪ್ಪುಗಳು ಕೆಜಿಎಫ್ ಮತ್ತು ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗಳ ಕಪಾಟಿನಲ್ಲಿ ಒಂದು ದಿನವೂ ತಪ್ಪದೆ ಇರಬೇಕು. ದೊಡ್ಡವರ ಮಾತ್ರೆಯನ್ನು ಕಾಲು ಭಾಗ ಮಾಡಿ ಅರೆದು ಕುಡಿಸುವ ಪಾಡು ಯಾವ ತಾಯಿಗೂ ಬರಬಾರದು.

ಮನೆಯೊಳಗಿನ ಮಾತು

'ನಮ್ಮ ಕಡೆ ಯಾರಿಗೂ ಇರಲಿಲ್ಲ' ಎಂಬ ಒಂದು ಮಾತು ಬಾಣಂತಿಯನ್ನು ಕೊಂದುಹಾಕುತ್ತದೆ. ಗ್ರಹಣದ ದಿನ ಹೊರಗೆ ಬಂದಳು, ಬಸುರಿಯಾಗಿದ್ದಾಗ ಅದನ್ನು ತಿಂದಳು ಎಂದು ಹುಡುಕುವ ತಪ್ಪುಗಳೆಲ್ಲ ಅವಳವೇ. ಅವಳು ಮಾಡಿದ, ಮಾಡದ ಯಾವುದರಿಂದಲೂ ಇದು ಬಂದದ್ದಲ್ಲ ಎಂದು ಗಂಡನಾದವನು ಮನೆಯವರ ಎದುರು ಬಾಯಿಬಿಟ್ಟು ಹೇಳಬೇಕು. ಕೂಸಿನ ಪಕ್ಕ ರಾತ್ರಿಯಿಡೀ ಎದ್ದಿರುವವಳಿಗೆ ಹಗಲು ಎರಡು ಗಂಟೆ ನಿದ್ದೆ ಸಿಗುವಂತೆ ಯಾರಾದರೂ ಮಗುವನ್ನು ಎತ್ತಿಕೊಳ್ಳಬೇಕು. ಸಿರಿಂಜು ಹಿಡಿಯಲು ಮನೆಯಲ್ಲಿ ಕನಿಷ್ಠ ಇಬ್ಬರು ಕಲಿತಿರಬೇಕು.

ಹೆಣ್ಣುಮಗುವಾದರೆ ತೊಟ್ಟಿಲಲ್ಲಿರುವಾಗಲೇ ಮದುವೆಯ ಚಿಂತೆ. ಮೂರ್ಛೆರೋಗವನ್ನು ಕಾರಣ ಮಾಡಿಕೊಂಡು ಮದುವೆ ಮುರಿಯಲು ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅವಕಾಶವನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಸರಿಯಾದ ಔಷಧಿ ಸಿಕ್ಕರೆ ಮೂರ್ಛೆರೋಗಿಗಳಲ್ಲಿ ನೂರಕ್ಕೆ 70ರವರೆಗೆ ಸೆಳವಿಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೂಸುಗಳಲ್ಲಿ ಈ ಲೆಕ್ಕ ಕಾರಣದ ಮೇಲೆ ನಿಂತಿದೆ. ವೆಸ್ಟ್ ಸಿಂಡ್ರೋಮ್‌ನಂಥ ಬಗೆಗಳಲ್ಲಿ ದಾರಿ ಕಠಿಣ. ಸೆಳವು ನಿಂತರೂ ಕೂರಲು, ನಡೆಯಲು, ಮಾತಾಡಲು ಫಿಸಿಯೋಥೆರಪಿಯಂಥ ತರಬೇತಿ ಬೇಕಾಗಬಹುದು. ಅದನ್ನೂ ಕಾಯದೆ ಶುರುಮಾಡಬೇಕು.

ಈಗ ರೈಲಿನ ಆ ತಾಯಿಯ ಮನೆಯ ಗೋಡೆಯಲ್ಲಿ ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇರುತ್ತದೆ. ಒಂದೊಂದು ಚೌಕದಲ್ಲಿ ಬೆಳಗಿಗೆ ಒಂದು ಗೀಟು, ರಾತ್ರಿಗೆ ಒಂದು ಗೀಟು. ಸೆಳವು ಬಂದ ದಿನ ಕೆಂಪು ಪೆನ್ನಿನಲ್ಲಿ ಗಂಟೆ, ಎಷ್ಟು ನಿಮಿಷ, ನಿದ್ದೆಯಲ್ಲೋ ಎಚ್ಚರದಲ್ಲೋ ಎಂದು ಎರಡು ಅಕ್ಷರ. ಸಂಜೆಯ ರೈಲಿನಲ್ಲಿ ನಿಂತುಕೊಂಡೇ ವೈಟ್‌ಫೀಲ್ಡ್ ದಾಟುವ ತಂದೆ ಫೋನ್ ಮಾಡಿ ಮೊದಲು ಕೇಳುವುದು, 'ಔಷಧಿ ಆಯ್ತಾ?' ತಿಂಗಳು ಮುಗಿದಾಗ ಆ ಹಾಳೆಯನ್ನು ಹರಿದು ಬಿಸಾಡುವಂತಿಲ್ಲ. ಮಡಚಿ ಫೈಲಿನೊಳಗೆ ಇಡಬೇಕು. ಮುಂದಿನ ಸಲ ಡಾಕ್ಟರು ಮೊದಲು ಕೇಳುವುದು ಅದನ್ನೇ.